ಹನ್ನೊಂದು ನಿಮಿಷ ಹಿಂದೆ ಬಿದ್ದ ಕಂಪ್ಯೂಟರ್

ನನ್ನ ಅಪ್ಪ ಮಲಕಾಜಪ್ಪನವರು ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದರು. ಗೇಟಿನ ಕಿಟಕಿಯಲ್ಲಿ ಕೂತು ಯಾರು ಎಷ್ಟಕ್ಕೆ ಬಂದರು, ಯಾರು ತಡ ಮಾಡಿದರು ಎಂದು ಬರೆಯುವುದು, ಸರಿಯಾದ ನಿಮಿಷಕ್ಕೆ ಭೋಂಗಾ, ಅಂದರೆ ಗಿರಣಿಯ ಸೈರನ್, ಊದಿಸುವುದು ಅವರ ಕೆಲಸ. ಆ ಭೋಂಗಾ ಕೇಳಿಯೇ ಅರ್ಧ ಊರು ಒಲೆ ಹಚ್ಚುತ್ತಿತ್ತು. ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ನಾನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವಳಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆ ನಾನೇ, ಸ್ನೇಹಲ.

ನಿವೃತ್ತರಾದ ಮೇಲೆ ಅವರು ಅವ್ವನನ್ನು ಕರೆದುಕೊಂಡು ಅಕ್ಕಲಕೋಟೆಗೆ ಹೋದರು. ಅಲ್ಲಿಯ ಪಡಸಾಲೆಯಲ್ಲಿ ಲೋಲಕದ ಗೋಡೆ ಗಡಿಯಾರವೊಂದಿತ್ತು. ಸೋಮವಾರ ಸ್ನಾನವಾದ ಕೂಡಲೇ ಬಲಗೈಯಿಂದ ಹದಿನಾಲ್ಕು ಸುತ್ತು ಕೀಲಿ ಕೊಡಬೇಕು. ಆ ಕೆಲಸಕ್ಕೆ ಅವರು ಅವ್ವನನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

೧೯೯೫ರ ದೀಪಾವಳಿ ಮುಗಿದ ವಾರ ಅಪ್ಪನಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿಗೆ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯವೂ ಹೌದು, ಕರ್ಮವೂ ಹೌದು. ಮುಂದಿನ ಸೋಮವಾರ ಗಡಿಯಾರ ನಿಂತಾಗ ಅವ್ವ ಸ್ಟೂಲ್ ಎಳೆದುಕೊಂಡು ಹೋದರು. ಅಪ್ಪ ಹಾಸಿಗೆಯಿಂದಲೇ ಗುಡುಗಿದರು.

"ಯಾರೂ ಮುಟ್ಟಬ್ಯಾಡ್ರಿ ಅದನ್ನ. ಈ ಕೈಲೆ ಕೀಲಿ ಕೊಡಾಕ ಬಂದ ದಿನ ನಡೀತೈತಿ. ಇಲ್ಲಂದ್ರ ಹಂಗ ನಿಂತಿರ್ಲಿ!"

ಚಿಕಿತ್ಸೆಗೆಂದು ನಾವು ಇಬ್ಬರನ್ನೂ ಸೊಲ್ಲಾಪುರಕ್ಕೆ, ನಮ್ಮ ಮನೆಗೆ ಕರೆತಂದೆವು. ಬೆರಳು ಆಡಿಸದಿದ್ದರೆ ಕೈ ಹಾಗೇ ಉಳಿಯುತ್ತದೆ ಎಂದು ಹೇಳಿ ಡಾಕ್ಟರರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಎಡಗೈಯಿಂದ ಕಿಟಕಿಯಾಚೆ ಎಸೆದರು. ಎಂಟನೆಯ ದಿನ ಹೊಸ ರಾಗ ತೆಗೆದರು: "ಮಗಳ ಮನ್ಯಾಗ ಬಹಳ ದಿನ ಉಣಬಾರದು. ಅಕ್ಕಲಕೋಟಿಗೆ ಹೋಗೂಣು."

ನಿಂತ ಗಡಿಯಾರದ ಕೆಳಗೆ ಸತ್ತ ಕೈ ಮಡಿಲಲ್ಲಿಟ್ಟುಕೊಂಡು ಅಪ್ಪ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಅಡುಗೆಮನೆಯಲ್ಲಿ ನಮ್ಮವರ ಮೇಲೆ ರೇಗಿದೆ, ಆಮೇಲೆ ಅತ್ತುಬಿಟ್ಟೆ.

ನಮ್ಮವರು ಎಂದರೆ ವಿಶ್ವನಾಥ, ಅಪ್ಪನ ಅಕ್ಕನ ಮಗನೇ. ಅವರ ತೊಟ್ಟಿಲು ತೂಗಿದ ಅಪ್ಪ, ನಮ್ಮ ಮದುವೆಯ ಮರುದಿನದಿಂದ ಅವರಿಗೆ 'ರೀ' ಹಚ್ಚಿ ಮಾತಾಡಲು ಶುರು ಮಾಡಿದ್ದರು. ಅಳಿಯ ಅಂದರೆ ಅಳಿಯ. ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ನಮ್ಮವರು ಕ್ಲಾಸ್ ನಡೆಸುತ್ತಿದ್ದರು. ಕಲಿಸುವುದು ಹೊಟ್ಟೆಗೆ. ಹುಚ್ಚು ಮಾತ್ರ ಯಂತ್ರದ ಹೊಟ್ಟೆಯೊಳಗೆ ಕೈ ಹಾಕುವುದರದು.

"ಮಾವ, ಒಂದು ಆಟ ಆಡ್ತೀರೇನು? ನಿಮ್ಮ ಮಗಳು ಸಾವಿರದ ಎರಡುನೂರಾ ನಲವತ್ತು ಮಾಡ್ಯಾಳ. ಯಾರೂ ಮುರಿದಿಲ್ಲ," ಎಂದರು.

ಹಳೆಯ ಆಟ. ಪರದೆಯಲ್ಲಿ ಚೆಂಡು ಪುಟಿಯುತ್ತದೆ, ಕೆಳಗಿನ ಹಲಗೆಯನ್ನು ಎಡಕ್ಕೂ ಬಲಕ್ಕೂ ಸರಿಸಿ ಅದು ಬೀಳದಂತೆ ತಡೆಯಬೇಕು. ಬಲಗೈಯ ಎರಡು ಬೆರಳು ಸಾಕು. ಆದರೆ ಅಪ್ಪನ ಬೆರಳು ಏಳುವಷ್ಟರಲ್ಲಿ ಚೆಂಡು ಬಿದ್ದಿರುತ್ತಿತ್ತು. ಮೂರು ಸಲ ಸೊನ್ನೆ ಬಂತು. "ನಿದ್ದಿ ಬಂತು," ಎಂದು ಎದ್ದರು.

ಅಂದು ನಮ್ಮವರು ಕೂತು ಒಂದು ಸಣ್ಣ ಪ್ರೋಗ್ರಾಮ್ ಬರೆದರು. ಯಂತ್ರದೊಳಗೆ ಒಂದು ಟೈಮರ್ ಚಿಪ್ ಇರುತ್ತದಂತೆ. ಅದು ಸೆಕೆಂಡಿಗೆ ಹದಿನೆಂಟು ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಚೆಂಡು ಒಂದು ಹೆಜ್ಜೆ ಸರಿಯುತ್ತದೆ. ಇವರ ಪ್ರೋಗ್ರಾಮ್ ನಡುವೆ ಕೂತು ಎರಡರಲ್ಲಿ ಒಂದು ಬಡಿತವನ್ನು ನುಂಗಿಬಿಟ್ಟರೆ ಚೆಂಡು ಅರ್ಧ ವೇಗಕ್ಕೆ ಇಳಿಯುತ್ತದೆ. ಮೊದಲ ಸಲ ಯಂತ್ರ ಕಲ್ಲಾಗಿ ನಿಂತಿತು. ನುಂಗಿದ ಬಡಿತಕ್ಕೂ 'ಮುಟ್ಟಿತು' ಎಂದು ಇನ್ನೊಂದು ಚಿಪ್‌ಗೆ ಹೇಳಬೇಕಂತೆ, ಇಲ್ಲದಿದ್ದರೆ ಅದು ಮುಂದಿನದನ್ನು ಕಳಿಸುವುದೇ ಇಲ್ಲ. ಅದರಲ್ಲಿ ಆಶ್ಚರ್ಯವೇನು? ನಾನು ಕರೆದಾಗ ಇವರು 'ಓ' ಅನ್ನದಿದ್ದರೆ ನಾನೂ ಹಾಗೇ ಮಾಡುತ್ತೇನೆ.

ಮರುದಿನ ಅಪ್ಪ ನಲವತ್ತು ಅಂಕ ಮಾಡಿದರು. ಆಟ ನಿಧಾನವಾಗಿದೆ ಎಂದು ನಾವು ಬಾಯಿ ಬಿಡಲಿಲ್ಲ. ಕನಿಕರದ ವಾಸನೆ ಬಡಿದರೆ ರಬ್ಬರ್ ಚೆಂಡಿಗೆ ಆದ ಗತಿಯೇ ಕಂಪ್ಯೂಟರಿಗೂ ಆಗುತ್ತಿತ್ತು. ಅಳಿಯ ಇನ್ನೊಂದು ಉಪಚಾರವನ್ನೂ ಮಾಡಿದರು. ಟೈಮ್‌ಕೀಪರ್ ಮಾವನಿಗೆ ವೇಳೆ ಕಂಡರೆ ಸಮಾಧಾನ ಎಂದು, ಆಟಕ್ಕೆ ಮುಂಚೆ ಮತ್ತು ಆಟ ಮುಗಿದ ಮೇಲೆ ಪರದೆಯ ಮೇಲೆ ಗಂಟೆ ನಿಮಿಷ ಮೂಡುವಂತೆ ಮಾಡಿದರು. ಬುದ್ಧಿವಂತರು ಎಡವುವುದು ಇಂಥಲ್ಲೇ.

ಹುಡುಗರ ಕ್ಲಾಸ್ ಇಲ್ಲದ ಸಂಜೆ ನಾಲ್ಕಕ್ಕೆ ಅಪ್ಪನ ಪಾಳಿ. ಅಕ್ಕಲಕೋಟೆಯ ಮಾತು ನಿಂತಿತು. ಬೆರಳು ಚುರುಕಾದಂತೆ ನಮ್ಮವರು ಗುಟ್ಟಾಗಿ ವೇಗ ಏರಿಸಿದರು. ಮೊದಲು ಎರಡರಲ್ಲಿ ಒಂದು ನುಂಗುತ್ತಿದ್ದವರು ಮೂರರಲ್ಲಿ ಒಂದಕ್ಕೆ, ಆಮೇಲೆ ನಾಲ್ಕರಲ್ಲಿ ಒಂದಕ್ಕೆ ಬಂದರು. ಅಪ್ಪ ಬಲಗೈಯಿಂದ ಅಂಗಿಯ ಗುಂಡಿ ಹಾಕಿಕೊಂಡ ದಿನ ಅವ್ವ ಗಿರಿಜಾಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದರು.

ನಾಲ್ಕನೆಯ ವಾರ ಸಿಕ್ಕಿಬಿದ್ದೆವು. ಅದುವರೆಗೆ ಪರದೆಯ ವೇಳೆಯನ್ನೇ ನಂಬಿದ್ದ ಅಪ್ಪ, ಅವತ್ತು ಅದರಲ್ಲಿ ನಾಲ್ಕು ಗಂಟೆ ಎಂದು ನೋಡಿ ಆಟಕ್ಕೆ ಕೂತವರು, ಮುಗಿಸಿ ಕೈಗಡಿಯಾರ ನೋಡಿದರು. ದಿನಾ ರೇಡಿಯೋ ವಾರ್ತೆಗೆ ಸರಿ ಹೊಂದಿಸುವ ಗಡಿಯಾರ ಅದು. ಅದರಲ್ಲಿ ನಾಲ್ಕು ನಲವತ್ನಾಲ್ಕು, ಪರದೆಯಲ್ಲಿ ನಾಲ್ಕು ಮೂವತ್ಮೂರು.

"ಹನ್ನೊಂದು ಮಿನೀಟು ಎಲ್ಲಿ ಹೋದುವು?"

ನಮ್ಮವರು ನನ್ನ ಮುಖ ನೋಡಿದರು, ನಾನು ಛಾವಣಿ ನೋಡಿದೆ. ಯಂತ್ರದ ಗಡಿಯಾರವೂ ಅದೇ ಬಡಿತಗಳನ್ನು ಎಣಿಸಿ ವೇಳೆ ಹೇಳುತ್ತದೆಂಬುದು ಈ ಪಂಡಿತರಿಗೆ ಆಗ ಹೊಳೆಯಿತು. ಬಡಿತ ನುಂಗಿದಷ್ಟೂ ಅದು ಹಿಂದೆ ಬೀಳುತ್ತಿತ್ತು. ಅಪ್ಪನಿಗೆ ವಿವರಣೆ ಬೇಕಾಗಲಿಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ನಲವತ್ನಾಕರಾಗ ಹನ್ನೊಂದು. ನಾಕರಾಗ ಒಂದು ಕದ್ದೀದಿ. ಲೇ ವಿಶ್ಯಾ! ನನಗ ಸಣ್ಣ ಕೂಸಿನ ಆಟ ಆಡಿಸೀಯೇನಲೇ?"

ಎಂಟು ವರ್ಷದ 'ರೀ' ಒಂದೇ ಏಟಿಗೆ ಹಾರಿಹೋಗಿತ್ತು. ನಮ್ಮವರು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡರು. ಇನ್ನು ಚೀಲ ಕಟ್ಟುತ್ತಾರೆ, ಕೈ ಇಲ್ಲಿಗೇ ನಿಂತಿತು ಅಂದುಕೊಂಡೆ. ಅಪ್ಪ ಬಲಗೈಯ ಬೆರಳುಗಳನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ನೀ ಚಾಪಿ ಕೆಳಗ ತೂರಿದ್ರ ನಾ ರಂಗೋಲಿ ಕೆಳಗ ತೂರಿದಾವ. ಕಂದಲಗಾಂವದಿಂದ ಗಿರಣಿಗೆ ಅಮೋಗಸಿದ್ಧ ಅಂತ ಬರ್ತಿದ್ದ, ಕಾಲು ಕುಂಟು. ದಿನಾ ನಾಕು ಮಿನೀಟು ತಡಾ. ಪಗಾರ ಕಡಿತಿದ್ರು. ಏಳು ವರ್ಷ ಗೇಟಿನ ಗಡಿಯಾರ ಐದು ಮಿನೀಟು ಹಿಂದ ಇಟ್ಟೀನಿ. ಯಾರಿಗೂ ಗೊತ್ತಿಲ್ಲ."

ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಬಂದರು. "ಅಯ್ಯ ಶಿವನ! ಚಹಾ ಎರಡು ಮಿನೀಟು ತಡಾ ಆದ್ರ ನನ್ನ ಜೀವಾ ತಿಂದಾರ ಈ ಮನಶ್ಯಾ!"

"ಸುಮ್ಕಿರು. ವಿಶ್ಯಾ, ನೀ ಮಾಡಿದ್ದು ಬರೋಬ್ಬರ, ಮಾಡಿದ ರೀತಿ ತಪ್ಪು. ನೀ ಭೋಂಗಾನ ತಪ್ಪಿಸಿಬಿಟ್ಟಿ. ನಾ ಭೋಂಗಾ ಎಂದೂ ತಪ್ಪಿಸಿಲ್ಲ. ಊರಿಗೆ ಖರೇ ವೇಳೆ, ಗೇಟಿನ ಗಡಿಯಾರ ಅಷ್ಟ ಹಿಂದ. ಎರಡೂ ಬ್ಯಾರೆ ಇಡಬೇಕು."

ನಮ್ಮವರು ಹಣೆ ಹಣೆ ಬಡಿದುಕೊಂಡು ಯಂತ್ರದ ಮುಂದೆ ಕೂತರು. ದೀಪ ಹಚ್ಚುವ ಹೊತ್ತಿಗೆ ಹೊಸ ಪ್ರೋಗ್ರಾಮ್ ಸಿದ್ಧವಾಯಿತು. ಬಡಿತಗಳೆಲ್ಲ ಯಂತ್ರದ ಗಡಿಯಾರಕ್ಕೆ ಪೂರ್ತಿ ಮುಟ್ಟುತ್ತವೆ, ಕಡಿತ ಆಟದ ಪಾಲಿಗೆ ಮಾತ್ರ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮೂವತ್ತೊಂದು ವರ್ಷ ಗೇಟಿನಲ್ಲಿ ಕೂತವರಿಂದ ಕಂಪ್ಯೂಟರ್ ಮಾಸ್ತರು ಪಾಠ ಹೇಳಿಸಿಕೊಂಡರು.

ಅಲ್ಲಿಂದ ವೇಗ ನಿಶ್ಚಯಿಸುವವರು ಅಪ್ಪನೇ ಆದರು. ಸೋಮವಾರ ಬಂತೆಂದರೆ "ವಿಶ್ಯಾ, ಇವತ್ತ ಆರರಾಗ ಒಂದು ಸಾಕು" ಎನ್ನುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಡಿತವೇ ಬೇಡ ಎಂದರು. ಆ ವಾರವೇ ಪೂರ್ತಿ ವೇಗದಲ್ಲಿ ಸಾವಿರದ ಎರಡುನೂರಾ ಅರವತ್ತು ಮಾಡಿದರು. ಸಂತೋಷಕ್ಕೆ ನಾನು ಕುಣಿದೆ. ಇಪ್ಪತ್ತು ಅಂಕಕ್ಕೆ ಸೋತೆನಲ್ಲ ಎಂದು ಸ್ವಲ್ಪ ಹೊಟ್ಟೆಯೂ ಉರಿಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಸೋಮವಾರ ನಾಲ್ವರೂ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟೆಗೆ ಹೋದೆವು. ನನ್ನಿಂದಾಗಿ ಒಂದು ಬಸ್ಸು ತಪ್ಪಿತ್ತು, ಅದು ಬೇರೆ ಮಾತು. ಅಪ್ಪ ಸ್ನಾನ ಮಾಡಿ ಬಂದು ಗಡಿಯಾರದ ಬಾಗಿಲು ತೆರೆದು ಕೀಲಿ ಹಾಕಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂಬತ್ತನೆಯ ಸುತ್ತಿಗೆ ಕೈ ಸೋತು ನಿಂತಿತು. ನಮ್ಮವರು ಕೈ ಚಾಚಿದರು.

"ಸರಿ ಅತ್ತಾಗ. ಸಾವಕಾಶ ಕೊಡ್ತೀನಿ, ಆದ್ರ ಪೂರಾ ನಾನ ಕೊಡ್ತೀನಿ."

ಒಂದು ಸುತ್ತು, ಒಂದು ದೀರ್ಘ ಉಸಿರು, ಮತ್ತೊಂದು ಸುತ್ತು. ಹದಿನಾಲ್ಕಾಯಿತು. ಲೋಲಕವನ್ನು ತಟ್ಟಿದರು. ಎರಡೂವರೆ ತಿಂಗಳು ಮೂಕವಾಗಿದ್ದ ಪಡಸಾಲೆಯಲ್ಲಿ ಟಿಕ್ ಟಿಕ್ ಶುರುವಾಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಪ್ಪ ಮುಳ್ಳು ಕೂಡಿಸಿದ್ದನ್ನು ಅವರ ಕೈಗಡಿಯಾರದೊಂದಿಗೆ ಹೋಲಿಸಿ ನೋಡಿದ ಅವ್ವ ತಡೆದರು.

"ಐದು ಮಿನೀಟು ಹಿಂದ ಇಟ್ಟೀರಲ್ರಿ?"

"ಇರ್ಲಿ," ಅಪ್ಪ ನನ್ನ ಕಡೆ ನೋಡದೆ ಗಡಿಯಾರದ ಬಾಗಿಲು ಮುಚ್ಚಿದರು. "ಸ್ನೇಹಲ ಬರೂ ಮನಿ ಇದು."

ಅಂದಿನಿಂದ ಅಪ್ಪನ ಮನೆಗೆ ನಾನು ಒಮ್ಮೆಯೂ ತಡವಾಗಿ ಹೋಗಿಲ್ಲ.