ಎರಡು ಆವೃತ್ತಿಗಳ ನಡುವೆ ಸಿಕ್ಕಿಕೊಂಡ ಹಸು

ನನಗೊಂದು ಕೆಟ್ಟ ಚಟವಿದೆ. ಬೆಳಗಿನ ಕಾಫಿಯ ಜೊತೆ ಯಾವುದಾದರೂ ಪ್ಯಾಕೇಜಿನ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುತ್ತೇನೆ, ಬಂದಿದ್ದರೆ ಹಾಕಿಕೊಂಡುಬಿಡುತ್ತೇನೆ. ಪ್ಯಾಕೇಜ್ ಎಂದರೆ ಬೇರೆ ಯಾರೋ ಪುಣ್ಯಾತ್ಮರು ಬರೆದಿಟ್ಟ ಪ್ರೋಗ್ರಾಮಿನ ತುಂಡು. ಅದನ್ನು ನಮ್ಮದರಲ್ಲಿ ಸೇರಿಸಿಕೊಂಡು ನಾವು ಜಾಣರೆನಿಸಿಕೊಳ್ಳುತ್ತೇವೆ. ತರೀಕೆರೆಯಲ್ಲಿ ಕೂತು ನನ್ನ ಜೊತೆ ಕೆಲಸ ಮಾಡುವ ನಾಗರಾಜ ಮಾತ್ರ ನಡೆಯುತ್ತಿರುವುದನ್ನು ಮುಟ್ಟುವವನಲ್ಲ. ಅವನ ಸ್ಕೂಟರ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಜ್ಜಂಪುರದ ಪಶುವೈದ್ಯೆಯೊಬ್ಬರಿಗೆ ನಾವು ತಂತ್ರಾಂಶ ಮಾಡಿಕೊಟ್ಟಿದ್ದೆವು. ಹಸು ಯಾವತ್ತು ಕರು ಹಾಕುತ್ತದೆಂದು ಎಣಿಸುವ ಭಾಗ ಕಡೂರಿನಲ್ಲಿರುವ ನನ್ನದು. ಆ ದಿನಾಂಕವನ್ನು ರೈತರ ಮೊಬೈಲಿಗೆ ಕಳಿಸುವ ಭಾಗ ನಾಗರಾಜನದು. ದಿನಾಂಕಕ್ಕೆ ಇಬ್ಬರೂ ಬಳಸುತ್ತಿದ್ದುದು ಒಂದೇ ಪ್ಯಾಕೇಜು. ಅದರ ಯಾವ ಆವೃತ್ತಿ ಬಳಸಬೇಕೆಂಬ ಪಟ್ಟಿ ಮಾತ್ರ ಅವರವರದೇ.

ಒಂದು ಬೆಳಗ್ಗೆ ಎಂದಿನಂತೆ ಹೊಸದನ್ನು ಹಾಕಿದೆ. ಅದು ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯತೊಡಗಿತು. ನಾಗರಾಜನ ಹಳೆಯದು ಇನ್ನೂ ತಿಂಗಳೇ ಮೊದಲು ಎಂದುಕೊಂಡು ಓದುತ್ತಿತ್ತು. ನನ್ನ ಮಾರ್ಚ್ ಐದು ಅಲ್ಲಿ ಮೇ ಮೂರಾಯಿತು.

ಆ ಸಂದೇಶ ಹೋದದ್ದು ಬುಕ್ಕಾಂಬುಧಿಯ ಗಂಗಮ್ಮನವರ ಮನೆಗೆ. ಇನ್ನೂ ಎರಡು ತಿಂಗಳಿದೆ, ಮಗಳ ಮನೆಗೆ ಹೋಗಿಬರೋಣ ಎಂದು ಅವರ ಗಂಡ ಹೊರಟು ನಿಂತರು. ಗಂಗಮ್ಮ ಕೊಟ್ಟಿಗೆಗೆ ಹೋಗಿ ಹಸುವಿನ ಕೆಚ್ಚಲು ಆಗಲೇ ತುಂಬಿ ಬಿಗಿದಿರುವುದನ್ನು ನೋಡಿ ಬಂದು, ಉಟ್ಟಿದ್ದ ಹೊಸ ಸೀರೆ ಬದಲಿಸಿ ಮಡಿಸಿಟ್ಟರು. ಗಂಡ ಮುನಿಸಿಕೊಂಡು ಒಬ್ಬರೇ ಬಸ್ಸು ಹತ್ತಿದರು. ಮಧ್ಯಾಹ್ನ ಹಸುವಿಗೆ ನೋವು ಶುರುವಾಯಿತು. ಕರುವಿನ ಒಂದು ಕಾಲು ಒಳಗೇ ಮಡಿಚಿಕೊಂಡಿತ್ತು. ಗಂಗಮ್ಮ ಫೋನು ಮಾಡಿದರು, ಡಾಕ್ಟರು ಓಡಿಬಂದರು, ಕರುವೂ ಹಸುವೂ ಉಳಿದವು. ಮನೆಗೆ ಬೀಗ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಡಾಕ್ಟರು ನಮಗೆ ವಿವರವಾಗಿಯೇ ತಿಳಿಸಿದರು.

ಮರುದಿನ ಇಬ್ಬರೂ ತಪ್ಪೊಪ್ಪಿಕೊಳ್ಳಲು ಹೋದೆವು. ದಾರಿಯುದ್ದಕ್ಕೂ ಅವನು ನನ್ನ ಹೊಸದನ್ನು ಬೈದ, ನಾನು ಅವನ ಹಳೆಯದನ್ನು. ಗಂಗಮ್ಮ ನಮ್ಮ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಇಬ್ರೂ ಸೇರಿ ಒಂದೇ ಪಟ್ಟಿ ಇಟ್ಕಳಕ್ಕೆ ಏನ್ರಪ್ಪಾ ಕಷ್ಟ?" ಎಂದರು.

ಕಷ್ಟವೇನೂ ಇರಲಿಲ್ಲ. ಅದಕ್ಕೊಂದು ಗಂಭೀರ ಇಂಗ್ಲಿಷ್ ಹೆಸರಿರುವುದೂ ನನಗೆ ಗೊತ್ತಿತ್ತು; ಅಂಥ ಹೆಸರಿನ ಕೆಲಸ ನಮ್ಮಂಥ ಇಬ್ಬರಿಗಲ್ಲ ಎಂದುಕೊಂಡಿದ್ದೆ. ಅವರ ಜಗಲಿಯ ಮೇಲೇ ಲ್ಯಾಪ್‌ಟಾಪ್ ತೆರೆದು ಎಲ್ಲ ಆವೃತ್ತಿಗಳನ್ನೂ ಒಂದೇ ಕಡತಕ್ಕೆ ತಂದೆವು. ಈಗ ಇಬ್ಬರೂ ಒಪ್ಪದೆ ಅದರಲ್ಲಿ ಒಂದು ಅಂಕಿಯೂ ಅಲುಗಾಡುವುದಿಲ್ಲ. ನನ್ನ ಬೆಳಗಿನ ಕಾಫಿ ಸಪ್ಪೆಯಾಗಿದೆ.

ಹೊರಡುವಾಗ ಗಂಗಮ್ಮ, ಸಂದೇಶದ ಕೊನೆಗೆ ಇದನ್ನೂ ಸೇರಿಸಿ ಎಂದರು: "ತಾರೀಖು ಹೆಂಗಾರ ಇರ್ಲಿ, ಹಸೂನ ದಿನಾ ಒಂದ್ಸಲ ನೋಡ್ರಿ."

ಸೇರಿಸಿದೆವು. ನಮ್ಮ ತಂತ್ರಾಂಶದಲ್ಲಿ ಯಾವ ಪ್ಯಾಕೇಜಿನ ಹಂಗೂ ಇಲ್ಲದ ಸಾಲು ಸದ್ಯಕ್ಕೆ ಅದೊಂದೇ.