ಬಾಡಿಗೆ ಗಂಡನಿಗೆ ಇಂದು ರಜೆ

ಬೆಳಕು ಹರಿಯುವ ಮೊದಲೇ ಎನೆಲೆಸಿ ಚಿಪೆಟಾ ಅವರು ಆಸ್ಪತ್ರೆಯ ಗೇಟಿಗೆ ಬಂದಿದ್ದಾರೆ. ಮಲಾವಿ ಸರೋವರದ ದಂಡೆಯ ನಮ್ಮೂರಿಗೆ ನರ್ಸೂ ಇವರೇ, ಸೂಲಗಿತ್ತಿಯೂ ಇವರೇ. ಹೊರಗೆ ಬಸುರಿಯರ ಸಾಲು. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ಗಂಡಸು.

ಗಂಡನನ್ನು ಕರೆತರದ ಬಸುರಿಗೆ ತಪಾಸಣೆ ಇಲ್ಲ ಎನ್ನುವುದು ಈ ಜಿಲ್ಲೆಯ ನಿಯಮ. ಗಂಡಸರಿಗೆ ಜವಾಬ್ದಾರಿ ಬರಲಿ ಎಂದು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತವರು ಮಾಡಿದ್ದು. ಊರಿನ ಗಂಡಂದಿರೋ, ದುಡಿಯಲು ‘ಜೋನಿ’ಗೆ, ಅಂದರೆ ಜೋಹಾನ್ಸ್‌ಬರ್ಗಿಗೆ ಹೋಗಿದ್ದಾರೆ. ಹೆಂಗಸರು ಏನು ಮಾಡಬೇಕು? ಸೈಕಲ್ ಟ್ಯಾಕ್ಸಿಯವರನ್ನೇ ಗಂಡ ಎಂದು ಕರೆತರುತ್ತಾರೆ.

“ಏನಪ್ಪ ಸ್ಟಾಂಬುಲಿ, ನಿನ್ನೆ ಬೇರೆ ಹೆಂಡ್ತಿ ಇದ್ಳಲ್ಲ?” ಎಂದು ಎನೆಲೆಸಿ ಕೇಳುತ್ತಾರೆ.

“ಇವತ್ತು ಅಂಗಿ ಬದಲಾಯ್ಸಿದೀನಲ್ಲ, ಸಿಸ್ಟರ್,” ಎಂದು ಸೈಕಲ್ಲಿನವನು ಹಲ್ಲು ಕಿರಿಯುತ್ತಾನೆ.

ಎಲ್ಲ ಗೊತ್ತಿದ್ದೂ ಅವರು ಒಳಗೆ ಬಿಡುತ್ತಾ ಬಂದವರು. ಅದಕ್ಕೆ ಕಾರಣ ಎಸ್ನಾತ್ ಎಂಬ ಹುಡುಗಿ ಎಂದು ಎನೆಲೆಸಿಯೇ ಹೇಳುತ್ತಾರೆ. “ಆಗ ನಾನೂ ಕಟ್ಟುನಿಟ್ಟು. ಒಬ್ಳೇ ಬಂದ್ಳು, ಗಂಡನ್ನ ಕರ್ಕೊಂಡು ಬಾ ಅಂತ ವಾಪಸ್ ಕಳಿಸ್ದೆ. ಮೈಯಲ್ಲಿ ರಕ್ತ ಇಲ್ಲ ಅನ್ನೋದು ಯಾರಿಗೂ ಗೊತ್ತಾಗ್ಲಿಲ್ಲ. ಹೆರಿಗೇಲೇ ಹೋದ್ಳು. ನಿಯಮಕ್ಕೇನೂ ಆಗ್ಲಿಲ್ಲ ನೋಡಿ.”

ನನಗೆ ಮೈ ಉರಿಯುವುದು ಮುಂದಿನ ಮಾತಿಗೆ. ಕಳೆದ ತಿಂಗಳು ಬಂದ ಜಿಲ್ಲಾ ಅಧಿಕಾರಿ ಸಾಲು ನೋಡಿ ಚಪ್ಪಾಳೆ ತಟ್ಟಿದರು. ಇಲ್ಲಿ ಗಂಡಂದಿರು ತಪ್ಪದೆ ಬರುತ್ತಾರೆ, ನಿಯಮ ಗೆದ್ದಿದೆ, ಇನ್ನು ಹೆರಿಗೆಗೂ ಗಂಡ ಕಡ್ಡಾಯ ಎಂದರು. ನಡುರಾತ್ರಿ ನೋವು ಬಂದವಳು ಬಾಡಿಗೆ ಗಂಡನನ್ನು ಎಲ್ಲಿ ಹುಡುಕಬೇಕು? ಸಾಹೇಬರು ಅದನ್ನು ಕೇಳಿಕೊಳ್ಳಲಿಲ್ಲ. ಕೆಟ್ಟ ನಿಯಮವೊಂದು ಗೆದ್ದದ್ದು ಈ ಹೆಂಗಸಿನ ಕರುಣೆಯಿಂದ ಎಂದರೆ ಯಾರನ್ನು ಬಯ್ಯುವುದು?

ಎನೆಲೆಸಿ ತಮ್ಮನ್ನೇ ಬಯ್ದುಕೊಳ್ಳುತ್ತಾರೆ. “ನಾನು ಮುಚ್ಚಿಟ್ಟೆ, ಅವರು ಗೆದ್ವಿ ಅಂದ್ಕೊಂಡ್ರು.”

ಹೆರಿಗೆಯ ನಿಯಮ ಜಾರಿ ಮಾಡಲು ಅಧಿಕಾರಿ ಇಂದು ಮತ್ತೆ ಬರುತ್ತಿದ್ದಾರೆ. ಎನೆಲೆಸಿ ಗೇಟು ತೆರೆದು ಸೈಕಲ್ಲಿನವರನ್ನೆಲ್ಲ ರಸ್ತೆಯಾಚೆಯ ಮಾವಿನ ಮರದಡಿಗೆ ಅಟ್ಟುತ್ತಾರೆ. ಸ್ಟಾಂಬುಲಿ ಗಾಬರಿಯಾಗುತ್ತಾನೆ. “ಸಿಸ್ಟರ್, ನಿಮ್ಮ ಕೆಲ್ಸ ಹೋಗುತ್ತೆ.”

“ಹೋದ್ರೆ ಹೋಗ್ಲಿ. ಹೆರಿಗೆ ಮಾಡ್ಸೋ ಕೈ ನನ್ನ ಹತ್ರಾನೇ ಇರುತ್ತೆ.”

ಅಧಿಕಾರಿಯ ಜೀಪಿನ ಸದ್ದು ಕೇಳುತ್ತಿದೆ. ಸಾಲಿನ ಮುಂದಿರುವ ಅಸಿಯಾತು ತುಂಬು ಬಸುರಿ, ಅಳುಮೋರೆ ಮಾಡಿಕೊಂಡು ನಿಂತಿದ್ದಾಳೆ. ಎನೆಲೆಸಿ ಅವಳ ಗಲ್ಲ ಹಿಡಿದು ಎತ್ತುತ್ತಾರೆ.

“ಗಂಡ ಎಲ್ಲಿ ಅಂತ ಕೇಳ್ತಾರೆ. ಜೋನೀಲಿ ಅಂತ ನಿಜಾನೇ ಹೇಳು, ತಂಗಿ. ಹೇಳಿ ಒಳಗೆ ಬಾ. ಗೇಟು ತೆಗೆಯೋಳು ನಾನು.”