ದೊರೆಯ ಹೆಸರಿಟ್ಟುಕೊಂಡವರು

ಹನ್ನೊಂದೂಕಾಲಿಗೆ ಕೆಟ್ಟಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದು ನನ್ನ ಬುದ್ಧಿಯ ಹೆಚ್ಚುಗಾರಿಕೆಯಿಂದಲ್ಲ. ನಾವು ಕರೆದುಕೊಂಡು ಹೋಗಿದ್ದ ಇಂಗ್ಲೆಂಡಿನ ಮನುಷ್ಯ ಪ್ರತಿ ಫೋಟೊಗೂ ಮುಂಚೆ ಕೈಗಡಿಯಾರ ನೋಡಿ ಸಮಯವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಹನ್ನೊಂದೂಕಾಲು ಎಂದ, ಕ್ಯಾಮರಾ ಎತ್ತಿದ. ಅವನ ಪಕ್ಕದಲ್ಲಿದ್ದ ನಮ್ಮ ವಕೀಲರು, ವೀಳ್ಯದೆಲೆಯ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯ ಕಡೆ ಬೆರಳು ತೋರಿಸಿ, ಅವಳ ಮದುವೆಯ ಮಾತಿಗೆ ಬಂದಿದ್ದ ಬೀಗರೆಲ್ಲರ ಎದುರಿಗೆ ಒಂದು ಮಾತು ಆಡಿದರು. ಸ್ವಲ್ಪ ಹೊತ್ತಿನಲ್ಲೇ ನನ್ನ ಅಣ್ಣನ ಕುತ್ತಿಗೆಯ ಮೇಲೆ ಕುಡುಗೋಲು ಇತ್ತು.

ಅರವತ್ತರ ದಶಕದ ಕೊನೆಯ ಮಾತಿದು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಕೊಳ್ಳೇಗಾಲದ ಮನೆಯಲ್ಲಿ ಕೆಲಸಕ್ಕೆ ಕಾಯುತ್ತ ಕುಳಿತಿದ್ದೆ. ಅಣ್ಣ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಜೀಪು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಹನೂರಿನ ಆಚೆಯ ಕಾಡುದಾರಿಗಳಿಗೆ ಧೈರ್ಯವಾಗಿ ಗಾಡಿ ಇಳಿಸುತ್ತಿದ್ದವನು ಅವನೊಬ್ಬನೇ. ವಕೀಲರ ಮನೆ ಯಳಂದೂರು, ಕೆಲಸ ಕೊಳ್ಳೇಗಾಲದ ಕೋರ್ಟಿನಲ್ಲಿ. ಐವತ್ತಾರರಲ್ಲಿ ನಮ್ಮ ತಾಲೂಕು ಮದರಾಸಿನವರ ಕೈಬಿಟ್ಟು ಮೈಸೂರಿಗೆ ಸೇರಿದ್ದನ್ನು ಅವರು ಕೊನೆಯವರೆಗೂ ಮೈಸೂರಿನವರು ನಮಗೆ ಮಾಡಿದ ಉಪಕಾರ ಎಂಬಂತೆ ಹೇಳುತ್ತಿದ್ದರು. ಹಾಗೆಂದು ಮೈಸೂರಿನ ಮೇಲೂ ಅವರಿಗೆ ಅಂಥ ಪ್ರೀತಿ ಇರಲಿಲ್ಲ. ಅವರ ಪ್ರೀತಿಯೆಲ್ಲ ಇಂಗ್ಲೆಂಡಿನ ಮೇಲೆ. ಬಿಳಿಯರು ಹೋಗಿ ಇಪ್ಪತ್ತು ವರ್ಷವಾದರೂ ಅವರು ಎದ್ದು ನಿಂತೇ ಇದ್ದರು, ಕುಳಿತುಕೊಳ್ಳಿ ಎಂದು ಹೇಳುವವರು ಯಾರೂ ಸಿಗದವರ ಹಾಗೆ.

ಇಂಗ್ಲೆಂಡಿನ ಮನುಷ್ಯ ಬಂದದ್ದು ತನ್ನದೇ ಹೆಸರನ್ನು ಹುಡುಕಿಕೊಂಡು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಹೊತ್ತ ಹೆಂಗಸು ಇನ್ನೂ ಬದುಕಿದ್ದಾಳೆ. ಅವರ ದೇಶದಲ್ಲಿ ಅಪ್ಪನ ಮನೆತನದ ಹೆಸರು ಮಗನಿಗೆ, ಮಗನದು ಮೊಮ್ಮಗನಿಗೆ ಇಳಿಯುತ್ತದೆ. ಇವನದು ಬಹಳ ಅಪರೂಪದ್ದಂತೆ. ಉತ್ತರ ಇಂಗ್ಲೆಂಡಿನಲ್ಲಿ ಎರಡು ಹೊಳೆಗಳ ನಡುವೆ ಕುರಿ ಮೇಯಿಸುವವರ ಒಂದು ಪುಟ್ಟ ಊರಿತ್ತಂತೆ. ಊರು ಹಾಳಾಯಿತು, ಅಲ್ಲಿಂದ ಹೊರಟವರಿಗೆ ಅದರ ಹೆಸರೇ ಅಂಟಿಕೊಂಡಿತು. ಅವನು ಚರ್ಚುಗಳ ಹಳೆಯ ಪುಸ್ತಕ, ಟೆಲಿಫೋನಿನ ಪುಸ್ತಕ ಎಲ್ಲ ಜಾಲಾಡಿ, ಆ ಹೆಸರಿನವರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಕೆಂಪು ಚುಕ್ಕೆ ಇಟ್ಟ ನಕಾಶೆ ಮಾಡಿಕೊಂಡಿದ್ದ. ಅಕ್ಕಪಕ್ಕದ ಎರಡು ಕಣಿವೆಗಳಲ್ಲಿ ಚುಕ್ಕೆಗಳು ಜ್ವರದ ಗುಳ್ಳೆಗಳ ಹಾಗೆ ಒತ್ತಾಗಿದ್ದವು. ಒಂದು ಬಂದರಿನಲ್ಲಿ ನಾಲ್ಕಾರು. ದಕ್ಷಿಣಕ್ಕೆ ಒಂದೂ ಇಲ್ಲ. ಎಲ್ಲರೂ ಒಬ್ಬನೇ ಗಂಡಸಿನ ಸಂತಾನ ಎಂಬುದು ಅವನ ಸಿದ್ಧಾಂತ. ಕುರಿ ಕಾಯುವವನೊಬ್ಬನ ಮಕ್ಕಳು ಎಲ್ಲೆಲ್ಲಿಗೆ ಹೋದರು ಎಂದು ತಿಳಿಯಲು ಅರ್ಧ ಆಯುಷ್ಯ ಕಳೆದವನನ್ನು ನಾನು ಮೊದಲ ಸಲ ನೋಡಿದ್ದು.

ಮದರಾಸಿನ ಇಂಗ್ಲಿಷ್ ಪತ್ರಿಕೆಯಲ್ಲಿ ಅವನು ಹಾಕಿಸಿದ್ದ ಪ್ರಕಟಣೆಯನ್ನು ವಕೀಲರು ಓದಿದರು. ಓದಿ, ಹನೂರಿನ ಕಾಡಂಚಿನಲ್ಲಿ ಆ ಹೆಸರಿನವರು ಬಹಳ ಮಂದಿ ಇದ್ದಾರೆ, ತಾವು ಬಂದರೆ ಕಣ್ಣಾರೆ ತೋರಿಸುತ್ತೇನೆ ಎಂದು ಬರೆದರು. ಬರೆದದ್ದು ಸುಳ್ಳಲ್ಲ. ಹೂಗ್ಯಂ ದಾಟಿದ ಮೇಲೆ ಸಿಗುವ ಆ ಹಳ್ಳಿಯಲ್ಲಿ ನಿಜವಾಗಿಯೂ ಆ ಹೆಸರಿನವರಿದ್ದರು. ಜಮೀನಿನ ವ್ಯಾಜ್ಯಕ್ಕೆ ಕೋರ್ಟಿಗೆ ಬಂದಿದ್ದ ರೈತನೊಬ್ಬನ ಹೆಸರು ಕೂಗಿದಾಗ ಇವರ ಕಿವಿ ನೆಟ್ಟಗಾಗಿತ್ತಂತೆ. ಆದರೆ ಅವನಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ. ಕೇಳುವುದು ಗೊತ್ತಿಲ್ಲದವರ ಕೆಲಸ; ಅವರಿಗೆ ಗೊತ್ತಿಲ್ಲದ್ದು ಯಾವುದಿತ್ತು?

ನಾನು ಕೇಳಿದೆ. ಊರ ಬಾಗಿಲಲ್ಲಿ ಜೀಪು ನಿಂತಾಗ ಹುಣಸೆಮರದ ಕೆಳಗೆ ಕುಳಿತಿದ್ದ ಒಬ್ಬಳು ಅಜ್ಜಿಯನ್ನು ಮಾತನಾಡಿಸಿದೆ. ಆ ದಿನ ವೀಳ್ಯಶಾಸ್ತ್ರ ನಡೆಯುತ್ತಿದ್ದದ್ದು ಅವಳ ಮೊಮ್ಮಗಳಿಗೇ. ಅವಳು ಮರದ ಬುಡದ ಒಂದು ಗಾರೆ ಕಟ್ಟೆ ತೋರಿಸಿದಳು. ಹಿಂದೆ ಕಾಡಿನ ಅಳತೆಗೆ ಬಂದ ಬಿಳಿಯ ಸಾಹೇಬನೊಬ್ಬ ಚಳಿಜ್ವರದಲ್ಲಿ ಅಲ್ಲಿಯೇ ಸತ್ತನಂತೆ. ಒಂಟಿ ಮನುಷ್ಯ, ಹೆಂಡತಿ ಮಕ್ಕಳಿಲ್ಲ. ಅವನನ್ನು ಹೂತ ಜಾಗ ಅದು, ದೊರೆಯ ಕಟ್ಟೆ; ಕಲ್ಲಿನ ಮೇಲೆ ಕೊರೆದಿದ್ದದ್ದು ಇಂಗ್ಲೆಂಡಿನವನದೇ ಹೆಸರು. ಹುಟ್ಟಿದ ಮಕ್ಕಳು ಉಳಿಯದ ತಾಯಂದಿರು ಅಲ್ಲಿ ಚುಟ್ಟ ಹಚ್ಚಿಟ್ಟು, ಪುರಿ ಚೆಲ್ಲಿ, ಈ ಸಲದ್ದು ಉಳಿದರೆ ನಿನ್ನ ಹೆಸರಿಡುತ್ತೇವೆ ಎಂದು ಹರಕೆ ಹೊರುತ್ತಾರೆ. ಗಂಡಾದರೆ ಬರೀ ಹೆಸರು, ಹೆಣ್ಣಾದರೆ ಕೊನೆಗೆ ಅಮ್ಮ ಸೇರಿಸುತ್ತಾರೆ.

‘ಯಮನ ಕಡೆಯೋರು ಬಂದು ಎಸ್ರು ಕೂಗ್ಬೇಕಲ್ಲಪ್ಪ’ ಎಂದು ಅಜ್ಜಿ ನಕ್ಕಳು. ‘ಈ ಎಸ್ರು ಅವ್ರ ನಾಲ್ಗೇಲಿ ಒರಳಾಕಿಲ್ಲ. ವಾಪಸ್ ಓಯ್ತರೆ.’

ಹರಕೆಯ ಹೆಸರು ಅದು. ಹೊಲದ ಕೆಲಸದ ಯಾವ ಹೆಂಗಸಿಗೂ ಗೊತ್ತಿದ್ದ ಸಂಗತಿ. ಅಷ್ಟು ಹೊತ್ತಿಗೆ ವಕೀಲರು ಆ ಮನುಷ್ಯನನ್ನು ಕರೆದುಕೊಂಡು ಚಪ್ಪರದೊಳಗೆ ನುಗ್ಗಿಯಾಗಿತ್ತು, ನಾನು ಹಿಂದೆಯೇ ಓಡಿದೆ. ಧನಗೆರೆಯಿಂದ ಗಂಡಿನ ಕಡೆಯ ಹಿರಿಯರು ಬಂದು ಚಾಪೆಯ ಮೇಲೆ ಕುಳಿತಿದ್ದರು. ಧನಗೆರೆಯವರು ಬಯಲಿನ ನೀರಾವರಿ ಜನ. ಕಾಡಂಚಿನಿಂದ ಹೆಣ್ಣು ತರುವುದಕ್ಕೆ ಮೊದಲೇ ಹಿಂದೆಮುಂದೆ ನೋಡುತ್ತಿದ್ದವರು. ಇಂಗ್ಲೆಂಡಿನವನು ಹುಡುಗಿಯ ಹೆಸರು ಕೇಳಿ ಹಿಗ್ಗಿ, ಈಕೆ ಇಲ್ಲಿ ಸತ್ತ ಸಾಹೇಬನ ಯಾವ ಮಗನ ಪೀಳಿಗೆ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ವಕೀಲರು ಅದನ್ನು ಪ್ರಶ್ನೆಯಾಗಿಯೂ ಉಳಿಸಲಿಲ್ಲ.

‘ನೋಡ್ರಪ್ಪಾ, ನೀವು ಸಾಮಾನ್ಯರಲ್ಲ. ಈ ಹುಡುಗಿ ದೊರೆಗಳ ರಕ್ತ. ಇವಳ ಅಜ್ಜಿಯ ಅಜ್ಜಿಗೆ ಆ ದೊರೆಯಿಂದ ಹುಟ್ಟಿದ ಸಂತಾನ. ನೀವು ಹೆಮ್ಮೆಪಡಬೇಕು.’

ಅವರು ನಗುತ್ತಿದ್ದರು. ಅದನ್ನು ನಾನು ಇಂದಿಗೂ ನುಂಗಿಕೊಳ್ಳಲಾರೆ. ಅವಮಾನ ಮಾಡಲೆಂದು ಆಡಿದ್ದರೆ ಒಂದು ತರಹ ಇರುತ್ತಿತ್ತು. ಬಹುಮಾನ ಕೊಡುವವರ ಹಾಗೆ ಆಡಿದರು. ಬಿಳಿಯನೊಬ್ಬನಿಗೆ ಕದ್ದು ಬಸಿರಾಗುವುದಕ್ಕಿಂತ ದೊಡ್ಡ ಭಾಗ್ಯ ಈ ಊರಿನ ಹೆಂಗಸರಿಗೆ ಇನ್ನೇನಿದ್ದೀತು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಧನಗೆರೆಯ ಹಿರಿಯನೊಬ್ಬ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ‘ನಾವು ಎಣ್ ಕೇಳಕ್ ಬಂದ್ವಿ ಕಣ್ರಪ್ಪ, ದೊರೆ ವಂಸ ಕೇಳಕ್ಕಲ್ಲ’ ಎಂದ. ಉಳಿದವರೂ ಎದ್ದರು. ಹುಡುಗಿಯ ಕೈಯಲ್ಲಿದ್ದ ತಟ್ಟೆ ವಾಲಿ ಎಲೆಗಳೆಲ್ಲ ಚೆಲ್ಲಿದವು.

ಮುಂದಿನದನ್ನು ನಾನು ಸಾವಿರ ಸಲ ನೋಡಿದ್ದೇನೆ. ಒಂದೊಂದು ಸಲ ಒಂದೊಂದು ಕಡೆಯಿಂದ. ಅಣ್ಣ ಜೀಪಿನ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ಒಳಗೆ ಏನಾಯಿತೆಂದು ಅವನಿಗೆ ಗೊತ್ತಿಲ್ಲ. ವಕೀಲರೂ ಇಂಗ್ಲೆಂಡಿನವನೂ ಓಡಿಬಂದು ಹತ್ತಿ ಕ್ಯಾನ್ವಾಸಿನ ಪರದೆ ಇಳಿಸಿಕೊಂಡರು. ಬೆನ್ನ ಹಿಂದೆಯೇ ಗಂಡಸರು ಬಂದರು. ಕೀ ಯಾರ ಜೇಬಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಹುಡುಗಿಯ ಸೋದರಮಾವ ಅಣ್ಣನ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆ ಎಳೆದ, ಇನ್ನೊಂದು ಕೈಯಲ್ಲಿ ಕುಡುಗೋಲು. ನೀರಿನ ಡಬ್ಬ ಉರುಳಿತು. ನಾನು ಮೂರು ಮಾರು ದೂರದಲ್ಲಿದ್ದೆ. ಇಬ್ಬರು ನನ್ನ ತೋಳು ಹಿಡಿದಿದ್ದರು. ಆ ಸೋದರಮಾವನ ಕೈ ನಡುಗುತ್ತಿತ್ತು. ಕೋಪಕ್ಕಿಂತ ಆ ನಡುಕಕ್ಕೆ ನನಗೆ ಹೆಚ್ಚು ಭಯವಾಯಿತು. ಅವನು ಒಮ್ಮೆ ಸೀನಿದ್ದರೂ ಅಣ್ಣ ಉಳಿಯುತ್ತಿರಲಿಲ್ಲ.

ಊರ ಯಜಮಾನ ಪಂಚಾಯಿತಿ ಗಿಂಚಾಯಿತಿ ಎನ್ನಲಿಲ್ಲ. ಅವರಲ್ಲಿ ಇಂಥದಕ್ಕೆ ಒಂದೇ ದಾರಿ. ಕೆಟ್ಟ ಮಾತು ಆಡಿದವನು ತಲೆಗೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ ದೊರೆಯ ಕಟ್ಟೆಯ ಮುಂದೆ ನಿಂತು, ತನ್ನ ಬಾಯಿಂದಲೇ ಚುಟ್ಟ ಹಚ್ಚಿ ಕಲ್ಲಿನ ಮೇಲಿಟ್ಟು, ನಾನು ಆಡಿದ್ದು ಸುಳ್ಳು ಎನ್ನಬೇಕು.

‘ಬಾಯ್ಬುಟ್ಟೋರೇ ಬಂದು ಅನ್ಬೇಕು’ ಎಂದು ಅವನು ಜೀಪಿನ ಪರದೆಗೆ ಹೇಳಿದ. ‘ಆಮ್ಯಾಲೆ ಡ್ರೈವರ್‌ನ ಬುಡ್ತೀವಿ. ಬರಾಕಿಲ್ಲ ಅಂದ್ರೆ ನಿಮ್ಮಿಷ್ಟ ಕಣ್ ಲಾಯರೆ.’

ನನ್ನನ್ನು ಪರದೆಯ ಹತ್ತಿರಕ್ಕೆ ಬಿಟ್ಟರು, ಹೇಳಿ ಒಪ್ಪಿಸು ಎಂದು. ಒಳಗೆ ವಕೀಲರು ಸೀಟಿನ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅವರು ಕೊಟ್ಟ ಕಾರಣ ಕೇಳಿ ನನಗೆ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಹೆಣ ಹೂತ ಜಾಗ, ತಾನು ಮುಟ್ಟುವಂತಿಲ್ಲ. ಚುಟ್ಟ ಬಾಯಿಗಿಟ್ಟರೆ ಮೈಲಿಗೆ. ಮೇಲಾಗಿ ಅದು ಕ್ರಿಸ್ತಾನಿಯ ಹೆಣ. ಹುಡುಗಿಯ ಮೈಯಲ್ಲಿ ಹರಿದರೆ ಹೆಮ್ಮೆಪಡಬೇಕಾದ ರಕ್ತ, ಇವರ ಬೆರಳಿಗೆ ಸೋಕಿದರೆ ಮೈಲಿಗೆ! ಇಂಗ್ಲೆಂಡಿನವನಿಗೆ ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ಹೇಳಿದೆ, ಸತ್ತ ಸಾಹೇಬನಿಗೆ ಮಕ್ಕಳೇ ಇರಲಿಲ್ಲ, ಇದು ಹರಕೆಯ ಹೆಸರು, ನೀನಾದರೂ ಇಳಿದು ಹೇಳು ಎಂದೆ. ಅವನು ಬಿಳಿಚಿಕೊಂಡಿದ್ದ. ಆದರೂ ತಲೆಯಾಡಿಸಿ, ಅದು ಇನ್ನೂ ಸಾಬೀತಾಗಿಲ್ಲ, ಎರಡೂ ಸಾಧ್ಯತೆಗಳನ್ನು ತೆರೆದಿಡಬೇಕು ಎಂದ. ಹೊರಗೆ ನನ್ನ ಅಣ್ಣನ ಗಂಟಲು ತೆರೆದುಕೊಳ್ಳುವುದರಲ್ಲಿತ್ತು.

ಆಗ ಅಜ್ಜಿ ಬಂದಳು. ಪರದೆಯನ್ನು ಅವಳೇ ಸರಿಸಿದಳು. ‘ನಮ್ ಒಟ್ಟೇಲಿ ಉಟ್ಟಿದ್ಕೆ ನಾವ್ ಎಸ್ರಿಕ್ಕಂಡ್ವಿ. ಸತ್ತೋನು ಏನ್ ಮಾಡಾನು? ಇಳಿ ಕೆಳಿಕ್ಕೆ’ ಎಂದಳು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ಅದೇ ಹೊತ್ತಿಗೆ ಅಣ್ಣ ನರಳಿದ. ಕುಡುಗೋಲಿನ ತುದಿ ಚರ್ಮಕ್ಕೆ ಇಳಿದು ರಕ್ತ ಅಂಗಿಯ ಕಾಲರಿಗೆ ಬಂದಿತ್ತು. ಅದನ್ನು ಕಂಡು ವಕೀಲರ ಪ್ಯಾಂಟು ಒದ್ದೆಯಾಯಿತು. ಕನಿಕರದಿಂದಲ್ಲ, ಡ್ರೈವರ್ ಮುಗಿದ ಮೇಲೆ ಸರದಿ ಯಾರದೆಂದು ಲೆಕ್ಕ ಸಿಕ್ಕಿತ್ತು. ಇಳಿದರು. ತಲೆಗೆ ನೀರು ಸುರಿಸಿಕೊಂಡರು. ಚುಟ್ಟ ಬಾಯಿಗಿಟ್ಟು ಕೆಮ್ಮಿ ಕೆಮ್ಮಿ ಹಚ್ಚಿ, ಕಲ್ಲಿನ ಮೇಲಿಟ್ಟು, ನಾನು ಆಡಿದ್ದು ಸುಳ್ಳು ಎಂದರು. ಧನಗೆರೆಯವರಿಗೆ ಕೇಳಲಿಲ್ಲ ಎಂದಾಗ ಇನ್ನೊಮ್ಮೆ ಗಟ್ಟಿಯಾಗಿ ಎಂದರು. ಅಣ್ಣನನ್ನು ಬಿಟ್ಟರು. ಧನಗೆರೆಯವರು ಮಾತ್ರ ಕುಳಿತುಕೊಳ್ಳಲಿಲ್ಲ. ಯೋಚನೆ ಮಾಡಿ ತಿಳಿಸುತ್ತೇವೆ ಎಂದು ಹೊರಟರು.

ಅಣ್ಣ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಜೀಪು ಓಡಿಸಿದ. ಹೂಗ್ಯಂ ದಾಟಿ ಹನೂರಿನ ದಾರಿಗೆ ಬಿದ್ದದ್ದೇ ವಕೀಲರು ಇಂಗ್ಲಿಷಿಗೆ ಹೊರಳಿದರು. ಹೆದರಿಸಿ ಮಾಡಿಸಿದ ಪ್ರಮಾಣ ಕಾನೂನಿನಲ್ಲಿ ನಿಲ್ಲುವುದಿಲ್ಲ, ತಾವು ಧಾರಾಳವಾಗಿ ದಾಖಲಿಸಬಹುದು ಎಂದರು. ಇಂಗ್ಲೆಂಡಿನವನು ಜೀಪು ಕುಲುಕುತ್ತಿದ್ದಾಗಲೇ ತೊಡೆಯ ಮೇಲೆ ನಮ್ಮ ಸೀಮೆಯ ನಕಾಶೆ ಬಿಡಿಸಿ, ಹನೂರಿನ ಬಲಕ್ಕೆ ಒಂದು ಕೆಂಪು ಚುಕ್ಕೆ ಇಟ್ಟ. ಅಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಅಂದಿನಿಂದ ನಿದ್ದೆ ಹೋಯಿತು. ಅಣ್ಣ ಮಲಗಿದವನು ಕತ್ತು ಹಿಡಿದುಕೊಂಡು ಎದ್ದು ಕೂರುತ್ತಿದ್ದ. ಅವನು ಏಳುತ್ತಾನೆಂದು ನಾನು ಎಚ್ಚರವಾಗಿರುತ್ತಿದ್ದೆ. ಸಂಬಂಧ ಮುರಿದರೆ ಆ ಊರಿನವರು ಯಾರನ್ನು ಹುಡುಕಿಕೊಂಡು ಬರುತ್ತಾರೆ? ಇಂಗ್ಲೆಂಡಿನವನು ಹಡಗು ಹತ್ತಿಯಾಗಿತ್ತು. ವಕೀಲರ ಮನೆಗೆ ದೊಡ್ಡ ಗೇಟಿತ್ತು. ಬಸ್ ಸ್ಟಾಂಡಿನಲ್ಲಿ ದಿನಾ ಬೆಳಿಗ್ಗೆ ಕಣ್ಣಿಗೆ ಬೀಳುವವನು ಅಣ್ಣನೊಬ್ಬನೇ. ಇಷ್ಟರಲ್ಲಿ ವಕೀಲರು ಕೋರ್ಟಿನ ಜಗಲಿಯಲ್ಲಿ ಈ ಕತೆಯನ್ನು ತಮ್ಮ ಶೌರ್ಯದ ಕತೆಯಾಗಿ ಹೇಳತೊಡಗಿದ್ದರು, ಹುಡುಗಿಯ ಹೆಸರಿನ ಸಮೇತ, ರಕ್ತದ ಮಾತಿನ ಸಮೇತ. ಕೋರ್ಟಿಗೆ ಧನಗೆರೆಯವರು ಬರುವುದಿಲ್ಲವೆ?

ಯಳಂದೂರಿಗೆ ಹೋಗಿ ಬಾಯಿ ಮುಚ್ಚಿಕೊಳ್ಳಿ ಎಂದು ಕೇಳಿಕೊಂಡೆ. ಅವರು ಕಾಫಿ ತರಿಸಿ ವಂಶಾವಳಿಯ ಮಹತ್ವದ ಬಗ್ಗೆ ನನಗೆ ಪಾಠ ಹೇಳಿದರು. ಇಂಗ್ಲಿಷ್ ಹೆಸರು ಸುಮ್ಮನೆ ಸಿಗುವ ಗೌರವವಲ್ಲವಂತೆ.

‘ಹಾಗಿದ್ದರೆ ನಿಮ್ಮ ಮನೆಯಲ್ಲೂ ಅದೇ ರಕ್ತ ಇದೆ ಅಂತ ನಾಳೆ ಕೋರ್ಟಿನಲ್ಲಿ ನಾನು ಹೇಳ್ತೀನಿ, ಸಾರ್. ಹೆಮ್ಮೆಪಡಿ’ ಎಂದೆ.

ಕಾಫಿಯ ಲೋಟ ನನ್ನ ಕಾಲ ಬಳಿ ಬಂದು ಬಿತ್ತು. ಆಳನ್ನು ಕರೆದು ನನ್ನನ್ನು ಗೇಟಿನಿಂದಾಚೆ ನೂಕಿಸಿದರು. ಆದರೆ ಮರುದಿನದಿಂದ ಕೋರ್ಟಿನ ಜಗಲಿಯಲ್ಲಿ ಆ ಕತೆ ಮತ್ತೆ ಕೇಳಿಬರಲಿಲ್ಲ. ಇಂಥವರಿಗೆ ನ್ಯಾಯ ಅರ್ಥವಾಗುವುದು ತಮ್ಮ ಹೊಸ್ತಿಲಿಗೆ ಬಂದಾಗ ಮಾತ್ರ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಸೋದರಮಾವ ಬಸ್ ಸ್ಟಾಂಡಿನಲ್ಲಿ ಬಸ್ಸಿನಿಂದ ಇಳಿದು ನೆಟ್ಟಗೆ ನಮ್ಮ ಜೀಪಿನ ಕಡೆಗೇ ಬಂದ. ಅಣ್ಣನ ಕೈ ಕುತ್ತಿಗೆಗೆ ಹೋಯಿತು. ನಾನು ಜ್ಯಾಕಿನ ಕಂಬಿ ಎತ್ತಿಕೊಂಡೆ. ಅವನು ದೂರದಲ್ಲೇ ನಿಂತು, ಎರಡೂ ಕೈಗಳನ್ನು ನಮಗೆ ಕಾಣುವಂತೆ ಮುಂದಕ್ಕೆ ಹಿಡಿದ.

‘ಮದ್ವೆ ಗೊತ್ತಾಯ್ತು ಕಣಣ್ಣ. ಎಣ್ಣ ಧನಗೆರೆಗೆ ಕಳಿಸ್ಬೇಕು, ಜೀಪು ಬೇಕು’ ಎಂದ. ‘ಬೇರೇರ್ದು ಬ್ಯಾಡ, ಆ ಡ್ರೈವರ್‌ದೇ ಆಗ್ಬೇಕು ಅಂದದೆ ಎಣ್ಣಿನ್ ಅಜ್ಜಿ. ನಿನ್ನ ಮೋರೆ ನೋಡಕ್ಕೆ ನಂಗ್ ಆಗ್ತಿಲ್ಲ. ಬರ್ತೀಯಾ?’

ಅಣ್ಣ ಬಹಳ ಹೊತ್ತು ಸ್ಟೀರಿಂಗು ಒರೆಸಿದ. ‘ಕುಡ್ಲು ಮನೇಲಿ ಬುಟ್ಟು ಬಾ’ ಎಂದ ಕೊನೆಗೆ.

ಮದುವೆಗೆ ನಾನೂ ಹೋದೆ. ಗಂಡನ ಮನೆ ಹೊಸ್ತಿಲಲ್ಲಿ ಸೊಸೆಗೆ ಬೇರೆ ಹೆಸರಿಡುವುದು ಅವರ ಕುಲದ ರೂಢಿ. ಹೊಸ ಹೆಸರು ಬರೆಯಲು ಅಕ್ಕಿ ತುಂಬಿದ ತಟ್ಟೆಯೂ ಸಿದ್ಧವಾಗಿತ್ತು. ಅವಳ ಅತ್ತೆ ತಟ್ಟೆಯನ್ನು ಒಳಗೆ ಕಳಿಸಿಬಿಟ್ಟಳು. ಹರಕೆಯ ಹೆಸರನ್ನು ಬದಲಾಯಿಸಿ ತನ್ನ ಸೊಸೆಯ ಆಯುಸ್ಸು ಕಳೆಯುವಷ್ಟು ದಡ್ಡಿ ತಾನಲ್ಲ ಎಂದು, ಹಳೆಯ ಹೆಸರಿನಿಂದಲೇ ಬೀದಿಗೆ ಕೇಳುವಂತೆ ಕರೆದು ಒಳಗೆ ಕರೆದುಕೊಂಡಳು. ನಕಾಶೆಯವನಿಗೆ ಇದು ಎಂದೂ ತಿಳಿಯುವುದಿಲ್ಲ, ತಿಳಿದರೂ ಅಲ್ಲೊಂದು ಚುಕ್ಕೆ ಇಡುವುದು ಬಿಟ್ಟರೆ ಅವನಿಗೆ ಇನ್ನೇನೂ ಹೊಳೆಯುವುದಿಲ್ಲ.

ಊಟ ಮುಗಿಸಿ ಹೊತ್ತು ಇಳಿಯುವ ಮುಂಚೆ ಕೊಳ್ಳೇಗಾಲಕ್ಕೆ ವಾಪಸಾದೆವು. ಅಣ್ಣ ಅಂಗಿಯನ್ನೂ ಬಿಚ್ಚದೆ ಚಾಪೆಯ ಮೇಲೆ ಉರುಳಿದ. ಅವನ ಗೊರಕೆ ಶುರುವಾದದ್ದನ್ನು ಕೇಳಿದೆ. ಅದು ನಿಂತದ್ದನ್ನು ಕೇಳಲಿಲ್ಲ. ಮರುದಿನ ಅವ್ವ ನಮ್ಮಿಬ್ಬರನ್ನೂ ಅಲ್ಲಾಡಿಸಿ ಎಬ್ಬಿಸಿದಾಗ ಬಿಸಿಲು ಒಲೆಯವರೆಗೆ ಬಂದಿತ್ತು.